ರಂಗೋಲಿಗೆ ಕಾವಲು ಕೂತವನು

ಇದನ್ನ ಸುಳ್ಳು ಅನ್ನೋ ಧೈರ್ಯ ಇರೋರು ಈಗಲೇ ಎದ್ದು ಅಂದುಬಿಡಿ. ಆಮೇಲೆ ನಡುವೆ ಬಾಯಿ ಹಾಕೋ ಹಾಗಿಲ್ಲ. ಅರ್ಧ ಮೀಸೆಯ ಮದುಮಗ ಹಸೆ ಏರಿದ ಕತೆ ಇದು. ಏಳು ಹಳ್ಳೀಲಿ ಇದನ್ನ ಇಷ್ಟು ನೆಟ್ಟಗೆ ಹೇಳೋ ಬಾಯಿ ಇನ್ನೊಂದಿಲ್ಲ. ಯಾರೂ ಏಳಲಿಲ್ಲ ತಾನೆ? ಸರಿ, ಹೂಂಗುಟ್ಟಿ.

ಒಂದಾನೊಂದು ಊರು, ಮುತ್ತುಗದಹಳ್ಳಿ ಅಂತ. ಆ ಊರಲ್ಲಿ ಮಾಲಿಂಗ ಅನ್ನೋ ಹೈದ ಇದ್ದನಂತೆ. ತಂದೆ ಇಲ್ಲ, ತಾಯಿ ಇಲ್ಲ, ಹೊಳೆಯಾಚೆ ಒಬ್ಬ ಸೋದರಮಾವ. ಇವನ ಆಸ್ತಿ ಒಂದು ಮೀಸೆ, ಒಂದು ಬಾಯಿ. ಮೀಸೆ ಗೇಣುದ್ದ, ಬಾಯಿ ಮಾರುದ್ದ. ಅದೇ ಊರಿನ ಪುಟ್ಟೀರಿ ಮೇಲೆ ಅವನಿಗೆ ಮನಸ್ಸು. ಪುಟ್ಟೀರಿಗೂ ಮನಸ್ಸಿತ್ತು, ಆದರೆ ಅವಳು ಹೇಳೋಳಲ್ಲ. ಮಾವ ವೀಳ್ಯ ತಂದು ಮಾತು ಮುಗಿಸೋದು ಅಂತ ಆಗಿತ್ತು.

ಆ ಸೀಮೆಗೊಬ್ಬ ರಾಜ. ಅವನಿಗೆ ಚೆಂದದ್ದು ಕಂಡರೆ ಆಸೆ. ನೋಡೋ ಆಸೆ ಅಲ್ಲ, ಇಟ್ಟುಕೊಳ್ಳೋ ಆಸೆ. ಸಂಪಿಗೆ ಕಂಡು ಕಿತ್ತು ಪೆಟ್ಟಿಗೇಲಿಟ್ಟ, ಒಣಗಿತು. ಗಿಣಿ ಹಿಡಿದು ಪಂಜರದಲ್ಲಿಟ್ಟ, ಮಾತು ಬಿಟ್ಟಿತು. ಚಿಟ್ಟೆ ಹಿಡಿದು ಭರಣೀಲಿಟ್ಟ, ತಳದಲ್ಲಿ ಒಂದು ಚಿಟಿಕೆ ಪುಡಿ ಉಳೀತು. ರಾಜ ಬೇಸತ್ತು ಡಂಗುರ ಹೊಡೆಸಿದನಂತೆ: "ಕೆಡದೇ ಇರೋ ಚೆಂದ ತೋರಿಸಿದೋನಿಗೆ ಕೇಳಿದ್ದು ಕೊಡ್ತೀನಿ. ತೋರಿಸ್ತೀನಿ ಅಂತ ಬಂದು ಸೋತೋನ ಮೀಸೆ ಬೋಳಿಸ್ತೀನಿ."

ಮೀಸೆ ಇದ್ದೋರೆಲ್ಲ ಮನೇಲಿ ಕೂತರು. ಮಾಲಿಂಗ ಮೀಸೆ ತಿರುವಿಕೊಂಡು ಅರಮನೆಗೆ ಹೋದ. ಕೇಳೋದೇನು ಅಂತ ದಾರೀಲೇ ನಿಶ್ಚಯ ಮಾಡಿದ್ದ: ಆನೆ. ಆನೆ ಮೇಲೆ ಮದುವೆ ಮೆರವಣಿಗೆ.

"ಚೆಂದ ಅಂದ್ರೆ ಏನು ಅಂತ ನನ್ನ ಕೇಳಿ ಬುದ್ಧೀ. ನಾಳೆ ಕೋಳಿ ಕೂಗೋ ಹೊತ್ತಿಗೆ ನಮ್ಮೂರಿಗೆ ಬನ್ನಿ."

ರಾಜ ಬಂದ. ಮಾಲಿಂಗ ನೆಟ್ಟಗೆ ಪುಟ್ಟೀರಿ ಮನೆ ಬಾಗಿಲಿಗೆ ಕರಕೊಂಡು ಹೋದ. ಸಗಣಿ ಹಾಕಿ ಸಾರಿಸಿದ ನೆಲದ ಮೇಲೆ ಪುಟ್ಟೀರಿ ಬಿಟ್ಟ ಅಕ್ಕಿಹಿಟ್ಟಿನ ರಂಗೋಲಿ. ಎಳೆ ಎಳೆಗೆ ಸುತ್ತಿಕೊಂಡು, ಎಲ್ಲಿ ಶುರು ಎಲ್ಲಿ ಕೊನೆ ಅಂತ ತಿಳೀದು. ರಾಜ ಬಗ್ಗಿ ಬಗ್ಗಿ ನೋಡಿದನಂತೆ.

"ಇದೇ," ಅಂದ ರಾಜ. "ಇದನ್ನ ಯಾರೂ ತುಳೀಕೂಡದು, ಗುಡಿಸಕೂಡದು, ನೀರು ಹಾಕಕೂಡದು. ತೋರಿಸಿದೋನೇ ಕಾಯಲಿ. ಹುಣ್ಣಿಮೆ ಬೆಳಗ್ಗೆ ಬರ್ತೀನಿ. ಇದ್ದಂಗೇ ಇದ್ರೆ ಕೇಳಿದ್ದು ಕೊಡ್ತೀನಿ, ಇಲ್ಲದಿದ್ರೆ ಮೀಸೆ."

ಮಾಲಿಂಗ ದೊಣ್ಣೆ ಹಿಡಿದು ಕೂತ. ಗುಬ್ಬಿ ಬಂದರೆ ಗುಬ್ಬಿ ಓಡಿಸಿದ, ಕೋಳಿ ಬಂದರೆ ಕೋಳಿ ಓಡಿಸಿದ, ಇರುವೆ ಸಾಲು ಕಂಡರೆ ಬೂದಿ ಹಾಕಿ ತಿರುಗಿಸಿದ. ಮನೆಯೋರು ಹಿತ್ತಲ ಬಾಗಿಲಲ್ಲಿ ಓಡಾಡಿದರು. ಇನ್ನೊಂದು ಬೆಳಗಾಯ್ತು, ಮತ್ತೊಂದು ಬೆಳಗಾಯ್ತು. ಊರ ಬಾಗಿಲುಗಳಿಗೆಲ್ಲ ಹೊಸ ರಂಗೋಲಿ, ಈ ಬಾಗಿಲಿಗೆ ಮಾತ್ರ ಅದೇ ಹಳೇದು, ಮೇಲೆ ಧೂಳು.

ಕಸ ಗುಡಿಸದ, ನೀರು ಹಾಕದ ಬಾಗಿಲು ಅಂದ್ರೆ ಏನರ್ಥ? ನಿಮಗೂ ಗೊತ್ತು, ಆ ಊರೋರಿಗೂ ಗೊತ್ತು. ಮೇಲುಕೇರಿಯ ಕೆಂಪಕ್ಕ ಬಾಯಿಗೆ ಸೆರಗು ಹಿಡಿದು ಅಳ್ತಾ ಬಂದಳಂತೆ. ಪುಟ್ಟೀರಿಯ ಅಜ್ಜಿ ಎಲಡಿಕೆ ಜಗಿಯುತ್ತ ಹಿತ್ತಲಿಂದ ಸುತ್ತಿ ಬಂದಳು.

"ಯಾರಿಗೇ ಅಳ್ತಿರೋದು?"

"ನಿನಗೇ ಕಣವ್ವ," ಅಂದಳು ಕೆಂಪಕ್ಕ, ಅಳು ನಿಲ್ಲಿಸದೆ.

"ಹಂಗಾದ್ರೆ ಇನ್ನೊಂಚೂರು ಜೋರಾಗಿ ಅಳು. ಇಷ್ಟೇನಾ ನನ್ನ ಬೆಲೆ?"

ಹುಣ್ಣಿಮೆಯ ಹಿಂದಿನ ದಿನ ಸೋದರಮಾವ ವೀಳ್ಯದ ತಟ್ಟೆ ಹಿಡಿದು ಹೊಳೆ ದಾಟಿ ಬಂದ. ಬೀದಿ ತುದಿಯಿಂದಲೇ ನೋಡಿದ. ಬಾಗಿಲಿಗೆ ನೀರಿಲ್ಲ. ಹೊಸಿಲ ಮುಂದೆ ಅಳಿಯ ತಲೆ ಬಗ್ಗಿಸಿ ಕೂತಿದ್ದಾನೆ. ಕಾವಲು ಕಾದೂ ಕಾದೂ ತೂಕಡಿಸ್ತಿದ್ದ ಅಷ್ಟೆ. ಮಾವ ಅಲ್ಲಿಂದಲೇ ತಿರುಗಿ ಹೋದ. ಯಾರೋ ಎಬ್ಬಿಸಿದ ಮೇಲೆ ಮಾಲಿಂಗ ಓಡಿದ. ಹೊಳೇಲಿ ಮಾವ ಕುತ್ತಿಗೆ ತನಕ ಮುಳುಗಿ ಸೂತಕದ ಸ್ನಾನ ಮಾಡ್ತಿದ್ದ.

"ಮಾವ, ಯಾರೂ ಸತ್ತಿಲ್ಲ."

"ಬಾಗಿಲು ಸತ್ತದೆ ಕಣೋ. ಅಂಥ ಹೊಸಿಲಿಗೆ ವೀಳ್ಯ ತರೋನಲ್ಲ ನಾನು. ನಾಳೆ ಹೊತ್ತು ಮೂಡಿದಾಗ ಇನ್ನೊಂದ್ಸಲ ಬರ್ತೀನಿ. ಆಗಲೂ ಹಿಂಗೇ ಇದ್ರೆ ವೀಳ್ಯ ಹೊಳೆಗೆ ಬಿಡ್ತೀನಿ."

"ನಾಳೇನೇ ರಾಜ ಬರೋದು ಮಾವ. ಅಳಿಸಿದ್ರೆ ಮೀಸೆ ಹೋಯ್ತದೆ."

"ಹಂಗಾದ್ರೆ ಮೀಸೇನೇ ಮದುವೆ ಆಗು."

ಮಾಲಿಂಗ ಬಂದು ಹಳೇ ಜಾಗದಲ್ಲೇ ಕೂತ. ಪುಟ್ಟೀರಿ ಹಿತ್ತಲಿಂದ ಬಂದು ನಿಂತಳು.

"ನಿನ್ನ ಕೈಚಳಕ ಉಳಿಸೋಕೇ ಅಲ್ವಾ ನಾನು ಕೂತಿರೋದು?" ಅಂದ ಇವನು.

"ಅದು ಇರುವೆಗೂ ಗುಬ್ಬಿಗೂ ಅಂತಲೇ ಅಕ್ಕಿಹಿಟ್ಟಲ್ಲಿ ಬಿಡೋದು. ಇರುವೆ ಮುತ್ತದಂಗೆ, ಕಾಗೆ ಕೂರದಂಗೆ ಜನ ಕಾಯೋದು ಏನನ್ನ ಹೇಳು."

ಮಾಲಿಂಗ ದೊಣ್ಣೆ ಕೆಳಗಿಟ್ಟ. ಹಂಗೆ ಕಾಯೋದು ಹೆಣವನ್ನ ಅಂತ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹುಣ್ಣಿಮೆ ದಿನ ಕೋಳಿ ಕೂಗ್ತು. ಮಾಲಿಂಗ ಒಂದು ಸಲ ಮೀಸೆ ಸವರಿಕೊಂಡ. ಆಮೇಲೆ ಪೊರಕೆ ತಗೊಂಡು ಸರ ಸರ ಗುಡಿಸಿದ, ಸಗಣಿ ನೀರು ಹಾಕಿದ. ಪುಟ್ಟೀರಿ ಹಿಟ್ಟಿನ ಬಟ್ಟಲು ಹಿಡಿದು ಕೂತಳು. ಅವಳು ಚುಕ್ಕಿ ಇಡ್ತಿರುವಾಗಲೇ ರಾಜನ ಆನೆ ಬಂದು ನಿಂತಿತು.

"ನನ್ನ ರಂಗೋಲಿ ಎಲ್ಲಿ?"

"ತಿಪ್ಪೇಲಿ ಬುದ್ಧೀ. ಗುಡಿಸಿದ್ದು ನಾನೇ. ಈ ಸೀಮೇಲಿ ನನ್ನಷ್ಟು ಚೆನ್ನಾಗಿ ಗುಡಿಸೋನು ಇನ್ನೊಬ್ಬನಿಲ್ಲ." ಇಷ್ಟು ಹೇಳೋ ಹೊತ್ತಿಗೆ ಅವನ ದನಿ ಇಳೀತು. "ಚೆಂದ ಆ ಹಿಟ್ಟಲ್ಲಿದೆ ಅಂತ ಹಿಟ್ಟನ್ನ ಕಾದೆ. ಹಿಟ್ಟು ಉಳೀತು ಬುದ್ಧೀ, ಚೆಂದ ಹೋಯ್ತು."

ರಾಜನಿಗೆ ಪೆಟ್ಟಿಗೆಯ ಸಂಪಿಗೆ ನೆನಪಾಯ್ತು, ಮಾತು ಬಿಟ್ಟ ಗಿಣಿ ನೆನಪಾಯ್ತು, ಭರಣಿ ತಳದ ಪುಡಿ ನೆನಪಾಯ್ತು. ಆನೆ ಇಳಿದು ಹತ್ತಿರ ಬಂದ.

"ಹಂಗಾದ್ರೆ ಚೆಂದ ಇರೋದೆಲ್ಲಿ?"

ಪುಟ್ಟೀರಿ ತಲೆ ಎತ್ತದೆ ಅಂದಳಂತೆ, "ಒಂಚೂರು ಆಕಡೆ ಸರ್ಕೊಳ್ಳಿ ಬುದ್ಧೀ. ಚುಕ್ಕಿ ಮೇಲೆ ನಿಂತಿದ್ದೀರಿ."

ರಾಜ ಸರಿದ. ಸರಿದೋನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಎರಡು ಬೆರಳ ಸಂದಿಂದ ಹಿಟ್ಟು ಇಳೀತಿತ್ತು. ಒಂದು ಎಳೆ ಹೊರಟು, ಬಳಸಿ, ಇನ್ನೊಂದರ ಕೆಳಗೆ ನುಸುಳಿ, ಮನೆ ಸೇರ್ತಿತ್ತು. ಅವತ್ತು ಕಂಡ ರಂಗೋಲಿ ಅಲ್ಲ ಇದು, ಬೇರೇದು.

"ಇದನ್ನ ಹೆಂಗೆ ಇಟ್ಕೊಳ್ಳಲಿ?" ಅಂತ ಕೇಳಿದ ರಾಜ.

"ನಾಳೆ ಬನ್ನಿ," ಅಂದಳು ಪುಟ್ಟೀರಿ.

ಅಷ್ಟರಲ್ಲಿ ಮಾವ ಬಂದ. ಬಾಗಿಲಿಗೆ ನೀರು ಬಿದ್ದಿದೆ, ರಂಗೋಲಿ ಬಿದ್ದಿದೆ. ತೃಪ್ತಿಯಾಗಿ ಅದರ ಮೇಲೇ ಕಾಲಿಟ್ಟು ವೀಳ್ಯ ಹಿಡಿದು ಒಳಗೆ ಹೋದ. ಒಂದು ಎಳೆ ಅಳಿಸಿತು. ರಾಜ ತಡೆಯೋಕೆ ಕೈ ಎತ್ತಿದ. ಆದರೆ ಪುಟ್ಟೀರಿ ಮುಖ ನೋಡಿದ. ಅವಳು ನಗ್ತಿದ್ದಳು. ರಾಜನೂ ಕಣ್ಣು ಮುಚ್ಚಿಕೊಂಡು ತುಳಿದು ಒಳಗೆ ಹೋಗಿ, ಒಂದು ಚೊಂಬು ಮಜ್ಜಿಗೆ ಕುಡಿದನಂತೆ.

ಆದರೂ ರಾಜನ ಮಾತು ಮಾತೇ. "ಕಾದು ಸೋತಿದ್ದಕ್ಕೆ ಅರ್ಧ ಬೋಳಿಸಿ. ತೋರಿಸಿ ಗೆದ್ದಿದ್ದಕ್ಕೆ ಅರ್ಧ ಬಿಡಿ," ಅಂದ. ಅರಮನೆಗೆ ಹೋಗಿ ಪಂಜರದ ಬಾಗಿಲು ತೆಗೆದ. ಮದುವೆ ಮೆರವಣಿಗೆಗೆ ಮಾತ್ರ ಆನೆ ಬರಲಿಲ್ಲ, ಲಾಯದಲ್ಲೇ ಉಳೀತು.

ಅರ್ಧ ಮೀಸೇಲೇ ಮಾಲಿಂಗ ಹಸೆ ಏರಿದ. ಊರೆಲ್ಲ ನಕ್ಕಿತು, ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವರ ಬಾಗಿಲಿಗೆ ಇವತ್ತಿಗೂ ನೀರು ಬೀಳುತ್ತಂತೆ, ನಮ್ಮ ಕತೆಗೆ ಇಲ್ಲಿ ಚುಕ್ಕಿ ಬಿತ್ತು.

ಹಾಂ, ಒಂದು ಮಾತು ಮರೆತೆ. ಮದುವೆಯ ಮಾರನೇ ದಿನ ಕೋಳಿ ಕೂಗಿದಾಗ ಪುಟ್ಟೀರಿ ಗಂಡನನ್ನ ಎಬ್ಬಿಸಿದಳು. ಆನೆ ಕೇಳೋಕೆ ಹೋದ ಮಾಲಿಂಗನಿಗೆ ಕೊನೆಗೆ ಸಿಕ್ಕಿದ್ದು ಒಂದು ಪೊರಕೆ.