ನಲವತ್ತೊಂದನೆಯ ಹೆಸರು

ಶಿಷ್ಯ ಕೇಳಿದ: "ಗುರುಗಳೇ, ಮಠಕ್ಕೆ ಬರುವವರು ಕಂಪ್ಯೂಟರಿನಲ್ಲಿ ತುಂಬಲಿ ಎಂದು ಒಂದು ಫಾರಂ ಮಾಡಿದ್ದೇನೆ. ಯಾರನ್ನು ಕಾಣಬೇಕು ಎಂಬಲ್ಲಿ ಒತ್ತಿದರೆ, ಈಗ ಒಳಗಿರುವವರ ಹೆಸರಷ್ಟೇ ಪಟ್ಟಿಯಾಗಿ ಇಳಿಯುತ್ತದೆ. ಬಂದವರ ಹೆಸರು ತಾನೇ ಸೇರುತ್ತದೆ, ಹೋದವರದು ತಾನೇ ಅಳಿಯುತ್ತದೆ. ಸುಳ್ಳು ಎಂಬುದೇ ಇಲ್ಲ. ಇನ್ನು ಬಂದವರನ್ನು ವಿಚಾರಿಸಲು ಬಾಗಿಲಲ್ಲಿ ಆ ಮುದುಕಪ್ಪ ಯಾಕೆ ಕೂರಬೇಕು?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಆಸ್ಪತ್ರೆ ಇತ್ತು. ರೋಗಿಯನ್ನು ನೋಡಲು ಬಂದವರು ಬಾಗಿಲಲ್ಲಿ ಚೀಟಿ ಪಡೆಯಬೇಕು. ಚೀಟಿ ಕೊಡಲು ದ್ಯಾವಮ್ಮ ಎಂಬ ಮುದುಕಿ ಇದ್ದಳು. ಓದು ಬಾರದು. ಆದರೆ ಯಾವ ಮಂಚದಲ್ಲಿ ಯಾರಿದ್ದಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ರೋಗಿ ವಾಸಿಯಾಗಿ ಮನೆಗೆ ಹೋಗಿದ್ದರೆ, "ನಿಮ್ಮಪ್ಪ ಬೆಳಗ್ಗೆನೇ ಎದ್ದೋದ ಕಣಪ್ಪ, ನಮ್ಮ ಇಡ್ಲಿ ಸೇರಲಿಲ್ಲವಂತೆ" ಎಂದು ನಗಿಸಿ ಕಳಿಸುವಳು. ತೀರಿಕೊಂಡಿದ್ದರೆ ಏನೂ ಹೇಳಳು. ಸ್ಟೂಲು ತಂದು ಕೂರಿಸುವಳು. ಚೊಂಬಿನಲ್ಲಿ ನೀರು ಕೊಡುವಳು. ಕುಡಿದ ಮೇಲೆಯೇ ಮಾತು.

ಆಸ್ಪತ್ರೆಗೆ ಒಬ್ಬ ಗುಮಾಸ್ತ ಬಂದ. ಅವನಿಗೆ ನಿನ್ನ ಹಾಗೇ ಈ ವಿದ್ಯೆ ಬರುತ್ತಿತ್ತು. ಬಾಗಿಲಲ್ಲಿ ಚೀಟಿಯ ಫಾರಂ ಇರುವ ಕಂಪ್ಯೂಟರು ಇಟ್ಟ. ಮೇಲೆ ವಾರ್ಡಿನಲ್ಲಿ ನರ್ಸು ಮಂಚ ಖಾಲಿ ಎಂದು ಬರೆದ ಕ್ಷಣವೇ ಕೆಳಗಿನ ಪಟ್ಟಿಯಿಂದ ಆ ಹೆಸರು ಅಳಿಯುವಂತೆ ಮಾಡಿದ. ದ್ಯಾವಮ್ಮನ ಕೈಗೆ ಪೊರಕೆ ಕೊಟ್ಟು ವಾರ್ಡು ಗುಡಿಸಲು ಕಳಿಸಿದರು. ಹೋಗುವಾಗ ಅವಳು ಒಂದು ಮಾತು ಕೇಳಿದಳು: "ಹೋದ್ರು ಅಂದ್ರೆ ಎಲ್ಲಿಗೆ ಹೋದ್ರು ಅಂತ ಹೇಳ್ತದಾ ಮಗ, ನಿನ್ನ ಪೆಟ್ಟಿಗೆ?"

ಎಲ್ಲಿಗೆ ಹೋದರೇನು, ಮಂಚ ಖಾಲಿ ತಾನೇ ಎಂದು ಗುಮಾಸ್ತ ನಕ್ಕ.

ಆ ದಿನಗಳಲ್ಲೇ ಅವನ ತಾಯಿ ಎದೆನೋವೆಂದು ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ಗುಣವಾಗುತ್ತಿದೆ, ಎರಡು ದಿನ ಕಳೆಯಲಿ, ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು.

ಮರುದಿನ ಮಧ್ಯಾಹ್ನ ದೊಡ್ಡ ಅಧಿಕಾರಿಯೊಬ್ಬ ಈ ವಿದ್ಯೆ ನೋಡಲು ಬಂದ. ಹೊಸ ರೋಗಿಯ ಹೆಸರು ಪಟ್ಟಿಗೆ ತಾನೇ ಸೇರಿದ್ದನ್ನು ಗುಮಾಸ್ತ ತೋರಿಸಿದ. ನಲವತ್ತೊಂದು ಹೆಸರಾಯಿತು. ಸರಿ, ಅಳಿಯುವುದನ್ನೂ ತೋರಿಸು ಎಂದ ಅಧಿಕಾರಿ. ಅದಕ್ಕೆ ಯಾರಾದರೂ ಹೋಗಬೇಕಲ್ಲ ಸ್ವಾಮಿ ಎಂದ ಗುಮಾಸ್ತ. ಇಬ್ಬರೂ ಕಾಫಿ ಕುಡಿಯುತ್ತ ಕಾದರು. ಹೊತ್ತಾಯಿತು. ಅಧಿಕಾರಿ ಗಡಿಯಾರ ನೋಡಿದ. ಇವನು ಮೆಚ್ಚದೆ ಎದ್ದು ಹೋದರೆ ಬಡ್ತಿ ಹೋದಂತೆಯೇ ಎಂದು ಗುಮಾಸ್ತನಿಗೆ ಚಡಪಡಿಕೆ. ಯಾರಾದರೂ ಒಬ್ಬರು ಹೋಗಲಪ್ಪ ದೇವರೇ ಎಂದು ಒಳಗೊಳಗೇ ಬೇಡಿಕೊಂಡ.

ನಲವತ್ತೊಂದು ನಲವತ್ತಾಯಿತು.

"ನೋಡಿ ಸ್ವಾಮಿ, ಯಾರೂ ಮುಟ್ಟಲಿಲ್ಲ, ತಾನೇ ಹೋಯ್ತು" ಎಂದು ಗುಮಾಸ್ತ ಚಪ್ಪಾಳೆ ತಟ್ಟಿದ. ಅಧಿಕಾರಿಯೂ ತಟ್ಟಿದ.

ಅಷ್ಟರಲ್ಲಿ ಗುಮಾಸ್ತನ ತಂಗಿ ತಾಯಿಗೆಂದು ಗಂಜಿಯ ಡಬ್ಬಿ ಹಿಡಿದು ಬಂದಳು. ದಿನದಂತೆ ಚೀಟಿಯ ಫಾರಂ ತೆರೆದಳು. ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಮತ್ತೆ ಮೇಲಿನಿಂದ ನೋಡಿದಳು.

"ಅಣ್ಣ, ಅವ್ವನ ಹೆಸರು ಇದರಲ್ಲಿ ಇಲ್ವಲ್ಲ."

ಗುಮಾಸ್ತ ತಾನೇ ನೋಡಿದ. ಇರಲಿಲ್ಲ. ಒಂದು ದಿನ ಮೊದಲೇ ಕಳಿಸಿರಬೇಕು, ಮನೆಗೆ ಹೋಗಿರಬೇಕು ಎಂದುಕೊಂಡ. ಅದೂ ಅಲ್ಲದಿದ್ದರೆ ನನ್ನ ಪಟ್ಟಿಯೇ ತಪ್ಪಿರಲಿ ಎಂದು ಬೇಡಿದ. ಮೆಟ್ಟಿಲ ಕಡೆ ತಿರುಗಿದ.

ದ್ಯಾವಮ್ಮ ಇಳಿದು ಬರುತ್ತಿದ್ದಳು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಚೊಂಬು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಆ ಪಟ್ಟಿಯಲ್ಲಿ ಇದ್ದ ತಪ್ಪೇನು ಗುರುಗಳೇ?" ಎಂದ.

"ತಪ್ಪೇ ಇರಲಿಲ್ಲಪ್ಪ, ತಾಯಿ ಹೋದಳು ಎಂದು ಅದು ಸರಿಯಾಗಿಯೇ ಹೇಳಿತು, ಮಗ ಚಪ್ಪಾಳೆ ತಟ್ಟಿದ."