ನೆರಳಿನಲ್ಲಿಟ್ಟ ದೋಣಿ

ಕಳೆದ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ಹೊರರೋಗಿಗಳ ಸಾಲು ಕರಗಿದ ಮೇಲೆ, ಸುನೇತ್ರಾ ತನ್ನ ಗುರುಗಳನ್ನು ಕೇಳಿದಳು:

“ಸರ್, ಎದ್ದು ಕೂರಲೂ ಆಗದಷ್ಟು ದಣಿದವರಿಗೆ ‘ನಡೆಯಿರಿ’ ಎನ್ನುವುದು ಚಿಕಿತ್ಸೆಯೋ, ಹಿಂಸೆಯೋ?”

ಗುರುಗಳಾದ ಡಾಕ್ಟರ್ ಗಾಂವಕರ ಆ ಕ್ಯಾನ್ಸರ್ ಆಸ್ಪತ್ರೆಯಲ್ಲೇ ತಲೆ ನರೆಸಿಕೊಂಡವರು. ಸುನೇತ್ರಾ ಅವರ ಕೈಕೆಳಗೆ ಕಲಿಯಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

“ಯಾರ ಸಲುವಾಗಿ ಕೇಳುತ್ತಿದ್ದೀ?” ಎಂದರು ಗುರುಗಳು.

ಕಾಶವ್ವನ ಸಲುವಾಗಿ. ಆಕೆ ಗಂಡ ಫಕೀರಪ್ಪನೊಂದಿಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಎದೆಯ ಗಡ್ಡೆ ತೆಗೆಸಿ, ಕಿಮೋ ಮುಗಿಸಿ, ರೇಡಿಯೇಶನ್ ಮುಗಿಸಿ ಒಂದು ಬೇಸಿಗೆ ಕಳೆದಿತ್ತು. ರೋಗ ಹೋಗಿತ್ತು, ದಣಿವು ಹೋಗಿರಲಿಲ್ಲ. ಮೊದಲು ಆಕೆ ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು. ಕಾಯಿಲೆ ಬಂದದ್ದೇ, ಫಕೀರಪ್ಪ ಆಕೆಯ ಪಾದ ನೆಲಕ್ಕೆ ತಾಗಗೊಡಲಿಲ್ಲ. ನೀರಿನ ತಂಬಿಗೆಯನ್ನು ಬಾಯಿಗೇ ಹಿಡಿದ. ರೊಟ್ಟಿಯನ್ನೂ ತಾನೇ ಬಡಿಯಲು ಕುಳಿತ.

ಹಿಂದಿನ ತಿಂಗಳು ತೋರಿಸಲು ಬಂದಾಗ ಸುನೇತ್ರಾ ಮಾತ್ರೆ ಬರೆದುಕೊಟ್ಟಿದ್ದಳು. ಬಾಗಿಲು ದಾಟುತ್ತಿದ್ದವರನ್ನು ಕೂಗಿ, “ಮಲಗಿಕೊಂಡೇ ಇರಬೇಡಿ, ಚೆನ್ನಾಗಿ ಓಡಾಡಿ” ಎಂದೂ ಹೇಳಿದ್ದಳು.

ಫಕೀರಪ್ಪ ಡಾಕ್ಟರರ ಮಾತನ್ನು ಅರ್ಧಕ್ಕೆ ಬಿಡುವವನಲ್ಲ. ಮರುದಿನ ಬೆಳಿಗ್ಗೆಯೇ ಹೆಂಡತಿಯನ್ನು ಊರಮುಂದಿನ ಗುಡ್ಡದ ಮೆಟ್ಟಿಲು ಹತ್ತಿಸಿದ. ಹೇಗೂ ಮೇಲಿನ ದೇವರಿಗೆ ಹರಕೆ ಬಾಕಿಯಿತ್ತು. ಅರ್ಧ ಹತ್ತುವಷ್ಟರಲ್ಲಿ ಕಾಶವ್ವ ಕುಸಿದು ಕುಳಿತಳು. ಅಂದಿನಿಂದ ಅವರಿಬ್ಬರೂ ರೋಗ ಮರಳಿತೆಂದೇ ನಂಬಿದರು. ಬಾಯಿಬಿಟ್ಟು ಹೇಳಲು ಮಾತ್ರ ಇಬ್ಬರೂ ಹೆದರಿದರು. ಕುಸಿದ ಸುದ್ದಿ ತಿಳಿದು ಆಸ್ಪತ್ರೆಯವರೇ ಕರೆಸಿ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿದರು. ವರದಿ ಆ ಬೆಳಿಗ್ಗೆ ಬಂದಿತ್ತು. ರೋಗದ ಸುಳಿವು ಎಲ್ಲಿಯೂ ಇರಲಿಲ್ಲ.

ಅದನ್ನು ಕೇಳಿ ಫಕೀರಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ತೆರೆದವನು ಸೀದಾ ಸುನೇತ್ರಾಳ ಕಡೆ ತಿರುಗಿದ್ದ.

“ನೀವ ಅಡ್ಡಾಡ್ಸು ಅಂದ್ರಿ, ಅಡ್ಡಾಡಿಸಿದೆ. ಬೆನ್ನ ಮ್ಯಾಲೆ ಹೊತ್ಕೊಂಡು ಗುಡ್ಡಾ ಇಳಿದೀನ್ರೀ ಮೇಡಂ. ಲಗ್ನದಾಗೂ ಹಂಗ ಹೊತ್ತಿರ್ಲಿಲ್ಲ. ಇನ್ನ ಈಕಿ ಹಾಸಿಗಿ ಬಿಟ್ಟು ಏಳಂಗಿಲ್ಲ. ಮುಗೀತು.”

“ನಾ ಎಷ್ಟ ಹಗುರ ಆಗೇನಂತ ಇವರಿಗೆ ಗೊತ್ತಾತಲ್ರಿ, ಅಷ್ಟ ಲಾಭ,” ಎಂದಿದ್ದಳು ಕಾಶವ್ವ. ನಗು ಮುಗಿಯುವ ಮೊದಲೇ ಉಸಿರು ಸಾಲದೆ ಬೆಂಚಿನ ಅಂಚು ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಕ್ಕಾರ, ನಾ ಇನ್ನ ರೊಟ್ಟಿ ಬಡಿಯಾಕಿ ಹೌದೋ ಅಲ್ಲೋ, ಅದೊಂದು ಹೇಳಿಬಿಡ್ರಿ. ಇವರು ಬಡಿದ ರೊಟ್ಟಿ ಎಮ್ಮಿ ಸುದ್ದಾ ಮೂಸಿ ನೋಡಿ ತಿಂತೈತಿ.”

ಸುನೇತ್ರಾ ಅವರನ್ನು ಅಲ್ಲೇ ಕೂರಿಸಿ ಗುರುಗಳ ಬಳಿ ಬಂದಿದ್ದಳು. ನಡೆಯಿರಿ ಎಂದರೆ ಆಕೆ ಮತ್ತೆ ಕುಸಿಯಬಹುದು. ಮಲಗಿರಿ ಎಂದರೆ ಆಕೆ ಎಂದೂ ಏಳದೆ ಹೋಗಬಹುದು. ಎರಡರಲ್ಲಿ ಯಾವುದನ್ನು ಹೇಳಿದರೂ ಫಕೀರಪ್ಪ ಅದನ್ನು ಅಕ್ಷರಶಃ ಪಾಲಿಸುತ್ತಾನೆ. ಅದೇ ಸುನೇತ್ರಾಳ ಹೆದರಿಕೆ. ಅವರ ಊರಿನ ಬಸ್ಸಿಗೆ ಇನ್ನು ಹೆಚ್ಚು ಹೊತ್ತು ಇರಲಿಲ್ಲ.

ಗುರುಗಳು ಎಲ್ಲವನ್ನೂ ಕೇಳಿ ಕುರ್ಚಿ ತೋರಿಸಿದರು. ಅವಳು ಕುಳಿತಳು. ಅವರು ಕರಾವಳಿಯವರು. ಅವರ ಕತೆಗಳಲ್ಲಿ ನೀರು ಇರುತ್ತದೆಂದು ಶಿಷ್ಯರೆಲ್ಲರಿಗೂ ಗೊತ್ತಿತ್ತು. ಅವರು ಹೇಳಿದ ಕತೆ ಇದು.

ನದಿ ಸಮುದ್ರವನ್ನು ಸೇರುವಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೊಂದು ಮರದ ದೋಣಿ. ಈ ದಡದವರನ್ನು ಆ ದಡಕ್ಕೆ ಮುಟ್ಟಿಸಿ ಬದುಕುತ್ತಿದ್ದ. ಒಂದು ವರ್ಷ ದೋಣಿಯ ತಳದ ಹಲಗೆಗೆ ಹುಳ ಬಿತ್ತು. ಅಂಬಿಗ ಬಡಗಿಯನ್ನು ಕರೆತಂದ.

ಬಡಗಿ ದೋಣಿಯನ್ನು ದಡಕ್ಕೆಳೆಸಿ ಮಗುಚಿ ಹಾಕಿದ. ಹುಳ ಹಿಡಿದ ಮರವನ್ನು, ಸುತ್ತಲಿನ ಒಳ್ಳೆಯ ಮರವನ್ನೂ ಸೇರಿಸಿ, ಕತ್ತರಿಸಿ ತೆಗೆದ. ಉಳಿದ ಅಂಚಿಗೆ ಬೆಂಕಿ ಹಿಡಿದು ಸುಟ್ಟ. ಹೊಸ ಹಲಗೆ ಕೂರಿಸಿ, ಸಂದಿಗೆ ಹತ್ತಿ ತುರುಕಿ, ರಾಳ ಬಳಿದ. “ಹುಳ ಹೋಯಿತು. ಇನ್ನು ಇದನ್ನು ನೀರಿಗೆ ಬಿಡು” ಎಂದು ಹೇಳಿ ತನ್ನ ಊರಿಗೆ ಹೋದ.

ಅಂಬಿಗನಿಗೆ ಮನಸ್ಸು ಬರಲಿಲ್ಲ. ಕೊಯ್ಯಿಸಿಕೊಂಡು, ಸುಡಿಸಿಕೊಂಡು ಬಂದ ದೋಣಿ. ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ ಎಂದುಕೊಂಡ. ದಡದ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ ಅದರ ನೆರಳಿನಲ್ಲಿ ದೋಣಿಯನ್ನಿಟ್ಟ. ಬೆಳಿಗ್ಗೆ ಎದ್ದು ಇಬ್ಬನಿ ಬಿದ್ದಿದ್ದರೆ ಅದನ್ನೂ ಬಟ್ಟೆಯಲ್ಲಿ ಒರೆಸಿದ. ಮಕ್ಕಳು ಹತ್ತಿ ಕುಳಿತರೆ ಗದರಿಸಿ ಇಳಿಸಿದ. ಚಳಿಗಾಲ ಹೋಗಿ ಬೇಸಿಗೆ ಬಂತು. ದಾಟುವ ಜನ ಕಾದು ಕಾದು ಸುತ್ತುದಾರಿ ಹಿಡಿದರು.

ಹೆಂಡತಿ ಗಂಜಿ ಬಡಿಸುತ್ತ ಕೇಳಿದಳು: “ದೋಣಿಗೆ ಬಾಣಂತನ ಎಲ್ಲಿಗೆ ಬಂತು? ನಾನು ಹೆತ್ತಾಗ ಹತ್ತೇ ದಿನಕ್ಕೆ ಬಾವಿಕಟ್ಟೆಗೆ ಕಳಿಸಿದ್ದಿರಿ.”

“ಅದು ಸತ್ತು ಬದುಕಿದ್ದು ಮಾರಾಯ್ತಿ. ನಿನಗೆ ಅದರ ನೋವು ತಿಳಿಯುವುದಿಲ್ಲ,” ಎಂದ ಅಂಬಿಗ.

ಬೇಸಿಗೆಯ ಕೊನೆಗೆ ಒಂದು ಮದುವೆಯ ದಿಬ್ಬಣ ದಡಕ್ಕೆ ಬಂದು ನಿಂತಿತು. ಸುತ್ತಿ ಹೋದರೆ ಮುಹೂರ್ತ ತಪ್ಪುತ್ತದೆ ಎಂದು ಕೈಮುಗಿದರು. ಅಂಬಿಗ ದೋಣಿಯನ್ನು ನೋಡಿದ. ಇಷ್ಟು ದಿನ ಸುಖವಾಗಿ ಮಲಗಿದೆ, ಈಗ ಮೊದಲಿಗಿಂತ ಗಟ್ಟಿಯಾಗಿರಬೇಕು ಎಂದು ತೋರಿತು. ದಿಬ್ಬಣದವರನ್ನು ಹತ್ತಿಸಿಕೊಂಡು ನೇರ ನಡುನೀರಿಗೆ ಹುಟ್ಟು ಹಾಕಿದ.

ನಡುನೀರಿನಲ್ಲಿ ದೋಣಿ ಸೋರತೊಡಗಿತು. ಬೀಗರು ಬಳುವಳಿಯ ಪಾತ್ರೆಗಳನ್ನೇ ಬಿಚ್ಚಿ ನೀರು ಎತ್ತಿ ಚೆಲ್ಲಿದರು. ಹೇಗೋ ಹೊರಟ ದಡಕ್ಕೇ ಮರಳಿದರು. ಯಾರಿಗೂ ಏನೂ ಆಗಲಿಲ್ಲ. ಅಂಬಿಗ ಮಾತ್ರ ಮರಳಿನ ಮೇಲೆ ಕುಳಿತು, “ಹುಳ ಮತ್ತೆ ಬಂತು” ಎಂದು ಹಣೆ ಬಡಿದುಕೊಂಡ. ಎದ್ದವನೇ ಬಡಗಿಯ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಬೈದ.

ಬಡಗಿ ಅವನ ಹಿಂದೆ ಬಂದ. ದೋಣಿಯನ್ನು ಎರಡು ದಿಮ್ಮಿಗಳ ಮೇಲೆ ಏರಿಸಿದ. ಒಳಗೆ ಕೊಡಗಟ್ಟಲೆ ನೀರು ಸುರಿದ. ಮತ್ತೆ ಕೆಳಗೆ ಬಗ್ಗಿ ನೋಡಿದ. ಅಂಬಿಗನನ್ನೂ ಬಗ್ಗಿಸಿದ. ಹನಿ ಎಲ್ಲೆಲ್ಲೂ ಬೀಳುತ್ತಿತ್ತು. ಹೊಸ ಹಲಗೆಯ ಕೆಳಗೆ ಮಾತ್ರ ಬೀಳುತ್ತಿರಲಿಲ್ಲ.

“ಹುಳ ತಿಂದ ಜಾಗ ಸೋರುತ್ತಿಲ್ಲ. ನೀನು ಕಾಪಾಡಿದ ಜಾಗ ಸೋರುತ್ತಿದೆ,” ಎಂದ ಬಡಗಿ. “ದೋಣಿಯ ಮರ ನೀರು ಕುಡಿದು ಉಬ್ಬಿದರೇ ಸಂದು ಮುಚ್ಚುವುದು. ಒಣಗಿಸಿದರೆ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ಅಂಬಿಗನಾಗಿ ಇಷ್ಟು ತಿಳಿಯದೆ? ಹುಳದ ಹೆದರಿಕೆಯಲ್ಲಿ ನಿನ್ನ ಅಪ್ಪ ಕಲಿಸಿದ್ದನ್ನೇ ಮರೆತೆ.”

ಅಂಬಿಗನ ಮುಖಕ್ಕೆ ಜೀವ ಬಂತು. “ಹಾಗಾದರೆ ಈಗಲೇ ನೀರಿಗೆ ತಳ್ಳುತ್ತೇನೆ!” ಎಂದು ದೋಣಿಗೆ ಹೆಗಲು ಕೊಟ್ಟ.

ಬಡಗಿ ಅವನ ಪಂಚೆ ಹಿಡಿದು ಎಳೆದ. “ನಿನಗೆ ಎರಡೇ ಗೊತ್ತು. ಚಪ್ಪರ, ಇಲ್ಲವೇ ನಡುನೀರು. ನಡುವೆ ದಡದಂಚಿನ ನೀರೂ ಇದೆ ಮಾರಾಯ. ಮೊಣಕಾಲುದ್ದ ನೀರಿನಲ್ಲಿ ಕಟ್ಟು. ತಳ ಮರಳಿಗೆ ತಾಗುತ್ತಿರಲಿ. ಉಬ್ಬರದಲ್ಲಿ ನೆನೆಯಲಿ, ಇಳಿತದಲ್ಲಿ ಸುಧಾರಿಸಿಕೊಳ್ಳಲಿ. ಯಾರನ್ನೂ ಹತ್ತಿಸಬೇಡ.”

ಮೊದಲ ಉಬ್ಬರಕ್ಕೇ ದೋಣಿ ಅಂಚಿನವರೆಗೆ ತುಂಬಿತು. ಅಂಬಿಗ ಮತ್ತೆ ಓಡಿದ. ಬಡಗಿ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ. “ಸೋರಲಿ. ಮುಳುಗಲು ಅಲ್ಲಿ ಆಳವೇ ಇಲ್ಲ. ಅದೀಗ ಕೆಡುತ್ತಿಲ್ಲ, ಕುಡಿಯುತ್ತಿದೆ,” ಎಂದ.

ಅಂಬಿಗ ದಿನವೂ ನೀರು ಎತ್ತಿ ಚೆಲ್ಲಿದ. ಮೊದಲು ಕೊಡದಲ್ಲಿ ಚೆಲ್ಲುತ್ತಿದ್ದ. ಆಮೇಲೆ ಚೆಂಬು ಸಾಕಾಯಿತು. ಆಮೇಲೆ ತೆಂಗಿನ ಕರಟ ಸಾಕಾಯಿತು. ಕರಟಕ್ಕೂ ನೀರು ಸಿಗದ ದಿನ ಬಡಗಿಯನ್ನು ಕೇಳಿ ಸೊಂಟದುದ್ದದ ನೀರಿಗೆ ದೋಣಿಯನ್ನು ಸರಿಸಿದ. ಅಲ್ಲಿ ಒಂದಿಷ್ಟು ಸೋರಿತು. ಈ ಸಲ ಅವನು ಓಡಲಿಲ್ಲ, ಕಾದ. ಸೋರುವುದು ನಿಂತಿತು. ಆಮೇಲೆ ಖಾಲಿ ದೋಣಿಯನ್ನು ನಡುನೀರಿಗೆ ಒಯ್ದು ತಂದ.

ಕೊನೆಗೊಂದು ಬೆಳಿಗ್ಗೆ ಹೆಂಡತಿಯನ್ನು ಕರೆದ. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಅನುಮಾನದಿಂದಲೇ ಹತ್ತಿದಳು.

“ಏನು, ಬಾಣಂತಿ ಎದ್ದಳೋ?”

ಅಂಬಿಗ ಹುಟ್ಟು ಹಾಕಿದ. ಅರ್ಧ ಹೊಳೆ ದಾಟುವ ತನಕ ಅವನ ಕಣ್ಣು ನೀರಿನ ಮೇಲೂ ಇರಲಿಲ್ಲ, ದಡದ ಮೇಲೂ ಇರಲಿಲ್ಲ. ದೋಣಿಯ ತಳದ ಮೇಲಿತ್ತು. ಅಷ್ಟರಲ್ಲಿ ಹೆಂಡತಿ ನೆರಿಗೆಯನ್ನು ಕೈಬಿಟ್ಟಳು. ಆ ದಡದಲ್ಲಿ ಇಳಿದಾಗ ಅವಳ ಪಾದ ಒಣಗಿಯೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿ ಆರಿದ ಚಹಾ ಕುಡಿದರು.

ಸುನೇತ್ರಾಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಒಂದು ತಿಂಗಳಿನಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ.

“ಹಾಗಾದರೆ ನಾನು ಹೇಳಿದ್ದು ಸರಿ, ಸರ್. ಅವರು ಗುಡ್ಡ ಹತ್ತಿಸಿದ್ದು ತಪ್ಪು.”

ಗುರುಗಳು ಲೋಟ ಕೆಳಗಿಟ್ಟರು.

“ನೀನು ನೀರಿಗಿಳಿಸಿ ಎಂದೆ, ಎಷ್ಟು ಆಳಕ್ಕೆ ಎಂದು ಹೇಳಿದೆಯಾ?”

ಸುನೇತ್ರಾ ಎದ್ದು ಹೊರಗೆ ಹೋಗಿ ಕಾಶವ್ವನ ಪಕ್ಕದಲ್ಲಿ ಬೆಂಚಿನ ಮೇಲೆಯೇ ಕುಳಿತಳು. ದಣಿಯದೆ ಎಲ್ಲಿಯ ತನಕ ನಡೆಯಬಲ್ಲಿರಿ ಎಂದು ಕೇಳಿದಳು. ಹಿತ್ತಲಿನ ಬೇವಿನ ಗಿಡದ ತನಕ ಎಂದಳು ಕಾಶವ್ವ. ಅಷ್ಟು ನಡೆದ ಮೇಲೂ ಮಾತಾಡಲು ಉಸಿರು ಉಳಿಯುತ್ತದೆಯೇ ಎಂದು ಕೇಳಿದಳು. ಉಳಿಯುತ್ತದೆ, ಬೈಯಲೂ ಉಳಿಯುತ್ತದೆ ಎಂದಳು. ಸುನೇತ್ರಾ ಆಕೆಯ ಹೊಲಿಗೆ ಹಾಕಿದ ಕಡೆಯ ತೋಳನ್ನು ಎತ್ತಿಸಿ ನೋಡಿದಳು. ಫಕೀರಪ್ಪ ಉಸಿರು ಹಿಡಿದು ನಿಂತಿದ್ದ. ಸುನೇತ್ರಾ ಚೀಟಿ ತೆಗೆದು, ಮಾತ್ರೆಗಳ ಹೆಸರಿನ ಕೆಳಗೆ, ಅದೇ ಅಕ್ಷರದಲ್ಲಿ, ಮತ್ತೆರಡು ಸಾಲು ಬರೆದಳು.

ನಡಿಗೆ: ಬೇವಿನ ಗಿಡದ ತನಕ, ಬೆಳಿಗ್ಗೆ, ಸಂಜೆ. ಮುಂದಿನ ವಾರ ತೋರಿಸಿದ ಮೇಲೆ ಹೆಚ್ಚಿಸುವುದು.

ರೊಟ್ಟಿ ಬಡಿಯುವುದು: ದಿನಕ್ಕೆ ಒಂದು.