ಕವಳೆಗುಡ್ಡದ ಕುಸಿದ ಬಂಡೆಯ ಮಹಿಮೆ

ದ್ವಾಪರಯುಗವು ಮುಗಿದು ಕಲಿಯ ಕಾಲು ಇನ್ನೂ ಬಲಿಯದಿದ್ದ ಪುರಾತನ ಕಾಲದಲ್ಲಿ, ಕಲ್ಲುಮುಳ್ಳುಗಳಿಂದ ದುರ್ಗಮವಾಗಿದ್ದ ಈ ಗಿರಿಯ ತಪ್ಪಲಿನಲ್ಲಿ, ಗಾದ್ರವ್ವನೆಂಬ ವೃದ್ಧೆಯು ತಾಯಿಯಿಲ್ಲದ ಮೊಮ್ಮಗಳು ಬೋರಕ್ಕನೊಡನೆ ವಾಸವಾಗಿದ್ದಳು. ಗ್ರೀಷ್ಮಾಂತ್ಯದಲ್ಲಿ ಹಣ್ಣಾಗುವ ಕವಳೆಯ ಪೊದೆಗಳಲ್ಲಿ ತಲೆಮಟ್ಟದ ಕೆಳಗಿನ ಹಣ್ಣು ಮನುಷ್ಯರದು, ಮೇಲಿನದು ಪಕ್ಷಿಗಳದು ಎಂಬುದು ಆ ಜನರ ಕಟ್ಟುನಿಟ್ಟಾದ ನೇಮವಾಗಿತ್ತು.

ಒಂದು ವರ್ಷ ಬೋರಕ್ಕನು ಜ್ವರಪೀಡಿತಳಾಗಿ, ಏಳು ದಿನ ಅನ್ನಪಾನಗಳನ್ನು ತ್ಯಜಿಸಿ, ಕವಳೆಹಣ್ಣು ಬೇಕೆಂದು ಮಾತ್ರ ಕನವರಿಸುತ್ತಿದ್ದಳು. ಗಾದ್ರವ್ವನು ಗುಡ್ಡವನ್ನೆಲ್ಲ ಅಲೆದರೂ ಕೈಗೆಟುಕುವ ಹಣ್ಣೆಲ್ಲ ಆಗಲೇ ಖಾಲಿಯಾಗಿತ್ತು. ಕಡೆಗೆ ಶಿಖರದ ಪೊದೆಯೊಂದರ ನೆತ್ತಿಯಲ್ಲಿ ಕಪ್ಪಗೆ ಕಳಿತ ಗೊಂಚಲುಗಳನ್ನು ಕಂಡು, ಪಕ್ಕದ ಬಂಡೆಯನ್ನೇರಿ ನಿಂತು, ಹಣ್ಣು ಈಗ ತಲೆಯ ಕೆಳಗೇ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ಕೀಳತೊಡಗಿದಳು. ಓದಿ ನಗುವವರು ನಗಲಿ; ಮನೆಯಲ್ಲಿ ಮಗು ಮಲಗಿರುವಾಗ ಯಾರ ಬುದ್ಧಿಯಾದರೂ ಹೀಗೆಯೇ ಓಡುತ್ತದೆ.

ಆಕೆ ಹಿಡಿ ಹಣ್ಣು ಕಿತ್ತೊಡನೆ ಬಂಡೆಯು ಗೇಣುದ್ದ ಭೂಮಿಗಿಳಿಯಿತು. ಮತ್ತೊಂದು ಹಿಡಿ ಕಿತ್ತಳು, ಮತ್ತೊಂದು ಗೇಣು ಇಳಿಯಿತು. ಹಣ್ಣುಗಳು ಪುನಃ ತಲೆಯ ಮೇಲಾದುದನ್ನು ಕಂಡ ಗಾದ್ರವ್ವನು, ಕಿತ್ತದ್ದನ್ನೆಲ್ಲ ಬಂಡೆಯ ಮೇಲೆ ಸುರಿದು, "ಅವ್ವಾ, ಹಕ್ಕಿ ಪಾಲಿಗೆ ಕೈ ಹಾಕಿದೆ, ತಪ್ಪಾಯ್ತು. ಆದರೆ ಕೂಸು ಏಳು ದಿನದಿಂದ ಬಾಯಿಗೆ ಏನೂ ಇಟ್ಟಿಲ್ಲ. ಬರಿಗೈಲಿ ಹೆಂಗೆ ಹೋಗ್ಲಿ?" ಎಂದು ಗೋಳಾಡಿದಳು.

ಆಗ ಪೊದೆಯೊಳಗಿಂದ ಅಶರೀರವಾಣಿಯೊಂದು ಕೇಳಿಬಂದಿತು: "ಮಗಳೇ, ಉಪಾಯದಿಂದ ಎಟುಕಿಸಿಕೊಂಡದ್ದು ನಿನ್ನದಲ್ಲ, ನನ್ನ ಹಕ್ಕಿಗಳು ತಿನ್ನುವಾಗ ಉದುರಿದ್ದು ನಿನ್ನದು. ಸೆರಗೊಡ್ಡು."

ತತ್‌ಕ್ಷಣವೇ ಪಿಕಳಾರಗಳ ಹಿಂಡು ಬಂದೆರಗಿ, ಅವು ಕುಕ್ಕಿದ ರಭಸಕ್ಕೆ ಮಾಗಿದ ಹಣ್ಣುಗಳು ಆಕೆಯ ಸೆರಗಿಗೆ ಉದುರಿದವು. ಅವನ್ನು ಮನೆಗೆ ತಂದುಕೊಡಲು ಬೋರಕ್ಕನು ಒಂದು ತಿಂದಳು, ಎರಡು ತಿಂದಳು, ಮೂರನೆಯದನ್ನು ನುಂಗಿ ಅಂಬಲಿ ಕೇಳಿದಳು. ಗಾದ್ರವ್ವನು ಸಂತೋಷದಿಂದ ಅತ್ತುಬಿಟ್ಟಳು.

ಮೊಣಕಾಲೆತ್ತರಕ್ಕೆ ಕುಸಿದ ಆ ಬಂಡೆಯೇ, ಅಂದು ಪೊದೆಯೊಳಗಿಂದ ನುಡಿದ ದೇವಿ ಕವಳಮ್ಮನ, ಇಂದು ಭಕ್ತರು ಪೂಜಿಸುವ ಪೀಠವು. ಮುಂಗಾರಿಗೆ ಮುಂಚಿನ ಕಡೆಯ ಮಂಗಳವಾರ ಸ್ತ್ರೀಯರು ಪೊದೆಯಡಿಯಲ್ಲಿ ಸೆರಗೊಡ್ಡಿ ನಿಲ್ಲುವರು; ಯಾರೂ ಕೊಂಬೆ ಅಲುಗಿಸಕೂಡದು. ಇಲ್ಲಿ ಅಂಬಲಿಯೇ ಪ್ರಸಾದ. ಲಾಡು ಕೇಳಿ ಅರ್ಚಕರನ್ನು ಪೀಡಿಸಬಾರದಾಗಿ ವಿನಂತಿ. ಮೊದಲ ಬಟ್ಟಲು ಜ್ವರದಿಂದೆದ್ದ ಮಗುವಿಗೆ ಸಲ್ಲುವುದು. ಆ ಮಗು ಕುಡಿದು ಮುಗಿಸುವವರೆಗೆ ನೆರೆದವರೆಲ್ಲರೂ ಕೈಮುಗಿದು ನಿಂತಿರುವರು.